ಕಲ್ಲು ಅಂತ ಹಾಕ್ರಿ

ಉದ್ದಿನ ವಡೆ ವಾಸನೆ, ಜೆಸಿಬಿ ಹೊಗೆಯೊಳಗಿಂದ ತೂರಿಕೊಂಡು ಬಂದದ್ದು, ಯಾರ ಮನೇದು ಇದು, ಇಲ್ಲಿ ಮನೆ ಎಲ್ಲಿದೆ, ಏಳೆಕರೆ ಕೆಂಪು ಮಣ್ಣು, ಸುತ್ತ ತಗಡಿನ ಬೇಲಿ ಅಷ್ಟೇ — ಅಂದುಕೊಳ್ಳುತ್ತಲೇ ನೀಲಾಂಬಿಕಾ ತಿರುಗಿದಳು, ಗೇಟಿನಾಚೆ ವೆಂಕಟಮ್ಮ, ಬಾಳೆ ಎಲೆ ಮುಚ್ಚಿದ ಸ್ಟೀಲ್ ತಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಳೆ, ಸೆಕ್ಯೂರಿಟಿಯವನು ಒಳಗೆ ಬಿಡ್ತಾ ಇಲ್ಲ, ಇವತ್ತು ಮಹಾಲಯ ಅಮಾವಾಸ್ಯೆ ಅಲ್ವಾ, ಅಯ್ಯೋ ಶಿವನೇ, ಕ್ಯಾಲೆಂಡರ್ ನೋಡಿಕೊಂಡು ಹೊರಡೋಕೆ ಏನಾಗಿತ್ತು, ನಕ್ಷೆ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಸೈಟಿಗೆ ಇವತ್ತೇ ಬರಬೇಕಿತ್ತಾ. ಮುದುಕಿ ನೋಡಿಯೇಬಿಟ್ಟಳು, ಮುಖ ಅರಳಿತು, ಅಗೋ ಬಂತು ನೋಡಪ್ಪ, ಆಯಮ್ಮಂಗೆ ಎಲ್ಲಾ ಗೊತ್ತು, ಆಯಮ್ಮನೇ ಬರ್ಕೊಂಡಿರೋದು ಅಂತ ಸೆಕ್ಯೂರಿಟಿಗೆ ಹೇಳ್ತಾ ಇದ್ದಾಳೆ. ಬರ್ಕೊಂಡಳು, ಹೌದು, ಈ ಮಹಾತಾಯಿ ಚೆನ್ನಾಗಿಯೇ ಬರ್ಕೊಂಡಳು.

ಮಾರ್ಚ್ ತಿಂಗಳು, ೨೦೦೮, ಪಟ್ಟಂದೂರು ಅಗ್ರಹಾರದ ಹಿಂದಿನ ಈ ಜಾಗ ಆಗಿನ್ನೂ ರಾಗಿ ಹೊಲ, ಕೂಳೆ ಕಾಲಿಗೆ ಚುಚ್ಚುತ್ತಿತ್ತು, ಬಾಡಿಗೆ ಮನೆಗಳ ತಾರಸಿ ಮೇಲಿಂದ ಐಟಿ ಪಾರ್ಕಿನ ಗಾಜು ಕಣ್ಣಿಗೆ ಹೊಡೀತಿತ್ತು, ಆರ್ಕಿಟೆಕ್ಟ್ ಆಫೀಸಿನ ಸಾರ್ ಮೊದಲ ಸಲ ಒಂದಿಡೀ ಸೈಟನ್ನ ಅವಳ ಕೈಗೆ ಕೊಟ್ಟಿದ್ದರು, ಅನಾಲಿಸಿಸ್ ಪೂರ್ತಿ ನಿಂದೇ ನೀಲಾ, ಗುರುವಾರ ಪ್ರೆಸೆಂಟೇಶನ್, ಮುಗಿಸಿಬಿಡು — ಬಿಸಿಲು ಎಲ್ಲಿಂದ ಎಲ್ಲಿಗೆ, ಗಾಳಿ ಯಾವ ಕಡೆಯದು, ನೀರು ಎತ್ತ ಹರಿಯುತ್ತೆ, ಮಣ್ಣು ಎಷ್ಟು ಆಳಕ್ಕೆ ಗಟ್ಟಿ, ಯಾವ ಮರ ಎಷ್ಟು ದಪ್ಪ, ಒಂದೂ ಬಿಡದೆ ಬರೆದಳು, ಕಟ್ಟೋಕೆ ಮುಂಚೆ ಜಾಗ ಏನು ಹೇಳುತ್ತೆ ಕೇಳಿಸ್ಕೊಳ್ಳಿ ಅಂತಿದ್ದರಲ್ಲ ಕಾಲೇಜಿನ ಮೇಷ್ಟ್ರು, ಕೇಳಿಸ್ಕೊಂಡಳು, ಕಿವಿ ಕಿವುಡಾಗಿರಲಿಲ್ಲ. ಹೊಲದ ಪೂರ್ವದ ತುದಿಯಲ್ಲಿ, ಬದುವಿನ ಪಕ್ಕ, ಮೊಣಕಾಲೆತ್ತರದ ಕಟ್ಟೆ, ಮೇಲೆ ಚಪ್ಪಡಿ, ತಲೆದೆಸೆಯಲ್ಲಿ ಗೇಣುದ್ದದ ದೀಪದ ಗೂಡು, ಗೂಡಿನ ತುಂಬ ಮಸಿ, ಕೊಪ್ಪಳದ ಹೊಲದಲ್ಲಿ ಅಪ್ಪನ್ನ ಮಣ್ಣು ಮಾಡಿ ಬಂದ ಮಗಳಿಗೆ ಇದೇನು ಅಂತ ಬೇರೆಯವರು ಹೇಳಬೇಕಾ. ಸರ್ವೆ ಮುತ್ತಣ್ಣ ಅವಳ ಕಡೆಯವನೇ, ಕುಷ್ಟಗಿಯವನು, ಕೋಲು ಹಿಡಿದವನು ಊರದೆ ನಿಂತುಬಿಟ್ಟ, ಅಕ್ಕಾರ, ಇದಕ್ಕ ಏನ್ ಕೋಡ್ ಹಾಕೂನ್ರಿ, ಗೋರಿ ಐತಲ್ರಿ ಇದು. ಅಳತೆ ಮಷೀನಿನ ಕೋಡ್ ಪಟ್ಟಿಯಲ್ಲಿ ಮರ ಇತ್ತು, ಬಾವಿ, ಕರೆಂಟ್ ಕಂಬ, ಶೆಡ್ಡು, ಬಂಡೆ, ಕಲ್ಲು, ಎಲ್ಲಾ ಇತ್ತು, ಗೋರಿ ಇರಲಿಲ್ಲ, ಹೊಸದಾಗಿ ಒಂದು ಕೋಡ್ ಸೇರಿಸೋದು ಎರಡು ನಿಮಿಷದ ಕೆಲಸ — ಸೇರಿಸಿದರೆ ನಕ್ಷೆ ವಕೀಲರ ಟೇಬಲ್ಲಿಗೆ ಹೋಗುತ್ತೆ, ಗುರುವಾರ ಕೈತಪ್ಪುತ್ತೆ, ಸೈಟು ಬೇರೆಯವರ ಪಾಲಾಗುತ್ತೆ, ಅಷ್ಟು ಲೆಕ್ಕ ಹಾಕೋಕೆ ಎರಡು ಸೆಕೆಂಡೂ ಬೇಕಾಗಲಿಲ್ಲ ಅವಳಿಗೆ. ಕಲ್ಲು ಅಂತ ಹಾಕ್ರಿ ಮುತ್ತಣ್ಣ. ಮುತ್ತಣ್ಣ ಅವಳ ಮುಖ ನೋಡಿದ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿರ ಹೋಗಿ ಕೋಲು ಊರಿದ. ಅವಳ ಕಾಲಲ್ಲಿ ಬೂಟಿತ್ತು.

ಅದೇ ಹೊತ್ತಿಗೆ ವೆಂಕಟಮ್ಮ ಚೊಂಬಲ್ಲಿ ಮಜ್ಜಿಗೆ ತಂದಳು, ಬಿಸಿಲಾಗೆ ನಿಂತವ್ರಲ್ಲ ಮಕ್ಳು ಅಂತ, ಕುಡಿಸಿ ಆದಮೇಲೆ ಮೆಲ್ಲಗೆ ಎತ್ತಿದಳು, ನಮ್ಮ ಯಜಮಾನ್ರು ಕಣವ್ವ, ಗೋಪಾಲಪ್ಪ ಅಂತ, ಇಲ್ಲೇ ಮಲ್ಗವ್ರೆ, ನನ್ ಮಗ ಒಲ ಮಾರ್ದಾಗ ತಕ್ಕಂಡೋರು ಈ ಮೂಲೆ ಬುಡ್ತೀವಿ ಅಂದವ್ರೆ, ಬಾಯ್ಮಾತು ಅಷ್ಟೇಯ, ನೀನು ಬರ್ಕೊಂಬುಡು ತಾಯಿ, ಬರ್ದಿದ್ದು ಉಳೀತದೆ. ಬರೆದಳು, ಮುದುಕಿಯ ಕಣ್ಣೆದುರಿಗೇ ಡೈರಿ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದಳು, ಗೋಪಾಲಪ್ಪ, ಪೂರ್ವದ ಮೂಲೆ, ಓದೋಕೆ ಬರದ ಮುದುಕಿ ಆ ಅಕ್ಷರಕ್ಕೆ ಕೈ ಮುಗಿದಳು, ಆ ಡೈರಿ ಈಗಲೂ ಆಫೀಸಿನ ಡ್ರಾಯರಲ್ಲಿ ಬಿದ್ದಿದೆ. ಮೋಸ ಮಾಡಬೇಕು ಅಂತೇನೂ ಇರಲಿಲ್ಲಪ್ಪ, ಅಲ್ಲಿ ಗಾರ್ಡನ್ ಮಾಡಿಬಿಡೋಣ, ಸುತ್ತ ಹುಲ್ಲು ಹಾಕಿಸಿ ಕಲ್ಲು ಕಲ್ಲಾಗೇ ಉಳಿದುಬಿಡಲಿ, ಯಾರಿಗೂ ಹೇಳೋದೇ ಬೇಡ — ಎಂಥಾ ಜಾಣೆ. ಆಮೇಲೆ ಹಾಳೆ ಮೇಲೆ ಹಾಳೆ ಇಟ್ಟು ನೋಡಿದರು ಆಫೀಸಲ್ಲಿ, ಇಳಿಜಾರು ಪೂರ್ವಕ್ಕೆ, ಗಾಳಿ ವರ್ಷದಲ್ಲಿ ಬಹುಪಾಲು ಪಶ್ಚಿಮದಿಂದ, ನಾನೂರು ಫ್ಲಾಟಿನ ಕೊಳಚೆ ತಾನಾಗೇ ಹರಿದು ಬರೋ ಮೂಲೆ, ವಾಸನೆ ಒಂದು ಮನೆಗೂ ಹೋಗದ ಮೂಲೆ, ಒಂದೇ ಒಂದು, ಅವಳದೇ ಗೆರೆಗಳು, ಒಂದೂ ತಪ್ಪಿಲ್ಲ. ಅಲ್ಲಿ ಏನಿದೆ ನೀಲಾ ಅಂತ ಸಾರ್ ಕೇಳಿದರು, ಕೇಳಿದರು, ಅದನ್ನ ಮುಚ್ಚಿಡೋ ಹಾಗಿಲ್ಲ, ಪೆನ್ನು ಎತ್ತಿ ಹಿಡಿದು ಕಾದರು. ಕಲ್ಲು ಸಾರ್. ಬರೀ ಕಲ್ಲು ತಾನೇ. ಹೂಂ ಸಾರ್. ಸೂಪರ್, ಎಸ್‌ಟಿಪಿ ಇಲ್ಲೇ ಬರ್ಲಿ, ಕೊಳಚೆ ಶುದ್ಧಿಯ ಘಟಕ, ನಕ್ಷೆಯಲ್ಲಿ ಒಂದು ಬೂದು ಚೌಕ. ಹೋದ ವಾರದ ಸೈಟ್ ರಿಪೋರ್ಟಲ್ಲಿ ಓದಿದಳು, ಪೂರ್ವದ ಮೂಲೆ, ಕಲ್ಲು ತೆರವು, ಟಿಪ್ಪರ್ ಒಂದು ಲೋಡ್, ಎಲ್ಲಿಗೆ ಹೋಯಿತು ಅಂತ ಬರೆದಿರಲಿಲ್ಲ, ಅವಳೂ ಕೇಳಲಿಲ್ಲ, ಕಲ್ಲಿನ ಕೆಳಗೆ ಏನು ಸಿಕ್ಕಿತು ಅಂತ ಡ್ರೈವರನ್ನ ಕೇಳೋ ಧೈರ್ಯ ಮೊದಲೇ ಇಲ್ಲ. ಬೆಳಿಗ್ಗೆ ತಿಂಡಿ ಮಾತ್ರ ಸರಿಯಾಗೇ ಇಳೀತು.

ಗೇಟಿನ ಹತ್ತಿರ ಹೋಗಲೇಬೇಕು, ಹೋದಳು, ಏನಜ್ಜಿ ಚೆನ್ನಾಗಿದ್ದೀರಾ, ಥೂ, ಏನು ಮಾತಾಡ್ತಾ ಇದೀನಿ. ಎಲ್ಮೆಟ್ ಇಲ್ದೆ ಬುಡಲ್ವಂತೆ ಕಣವ್ವ, ಮಣ್ಣು ತೆಗೀತಾವ್ರಂತೆ, ನಮ್ಮವ್ರಿಗೆ ಏನೂ ಮಾಡಿಲ್ಲ ತಾನೇ. ಇಲ್ಲಜ್ಜಿ. ಬಾಯಿ ತಾನಾಗೇ ಹೇಳಿತು, ರೂಢಿಯಾಗಿದೆ ಅದಕ್ಕೆ. ಓಗ್ಲಿ ಬುಡು, ಆ ಕಾಗ್ದ ಬಿಚ್ಚು, ಅದ್ರಾಗೆ ಎಲ್ಲವ್ರೆ ತೋರ್ಸು, ಅಲ್ಲೇ ಎಡೆ ಇಟ್ಬುಡ್ತೀನಿ. ಗೇಟಿನಾಚೆ ನಿಲ್ಲಿಸಿದ್ದ ಕಾರಿನ ಬಾನೆಟ್ ಮೇಲೆ ನಕ್ಷೆ ಹಾಸಿದಳು, ಬೆರಳು ಬೂದು ಚೌಕದ ಮೇಲೆ ಬಂತು, ನಿಂತಿತು, ಎರಡು ಇಂಚು ಎಡಕ್ಕೆ ಸರಿಯಿತು, ಅಲ್ಲೊಂದು ಹಸಿರು ವೃತ್ತ, ಇಲ್ಲಿ ಅಜ್ಜಿ. ಅಸುರು ಬಳ್ದಿದ್ದೀರಲ್ಲ, ಮರ ಇಕ್ತೀರಾ. ಹೂಂ, ಹೊಂಗೆ ಮರ. ನೆಳ್ಳಾಯ್ತದೆ, ನಿನ್ ಒಟ್ಟೆ ತಣ್ಣಗಿರ್ಲಿ ಮಗ — ಬೈಯಬಾರದಾ, ಒಂದು ಏಟು ಹಾಕಬಾರದಾ ಈ ಮುದುಕಿ. ಆ ವೃತ್ತದ ಮೇಲೆ ಎಲೆ ಚೂರು ಹಾಸಿದಳು, ವಡೆ, ಕಜ್ಜಾಯ, ಒಂದು ಹಿಡಿ ಅನ್ನ, ಬನ್ನಿ ಉಣ್ಣಿ, ಒತ್ತಾಗೋಯ್ತು ಅಂತ ಕಾಗದಕ್ಕೆ ಹೇಳ್ತಾಳೆ, ಸೆಕ್ಯೂರಿಟಿಯವನು ಟೋಪಿ ತೆಗೆದು ನಿಂತಿದ್ದಾನೆ. ಆಮೇಲೆ ದನಿ ತಗ್ಗಿಸಿ, ನಾಚಿಕೊಂಡು, ಪಕ್ದಾಗೆ ನಂಗೂ ಜಾಗ ಬುಟ್ಟಿದ್ದೀಯಾ ತಾಯಿ, ಅವ್ರೇ ಯೇಳಿದ್ರು ಓಗೋವಾಗ, ಬಲಗಡೀಕೆ ಬಾ ಅಂತ, ಇಸ್ಟೇ ಸಾಕು ನಂಗೆ — ಎಲೆಯ ಬಲಕ್ಕೆ ಅಂಗೈ ಊರಿದಳು, ರಾಗಿ ಬೀಸಿದ ಕೈ, ಬೆರಳು ಸೊಟ್ಟ, ಒಂದಕ್ಕೆ ಇನ್ನೂರರ ಸ್ಕೇಲು, ನಾಲ್ಕು ಬೆರಳಿಗೆ ಹದಿನಾರು ಮೀಟರು, ಬೂದು ಚೌಕ ಪೂರ್ತಿ ಮುಚ್ಚಿಹೋಗಿದೆ, ಒಂದು ಅಂಚೂ ಕಾಣಲ್ಲ, ಹೂಂ ಅನ್ನು, ಹೂಂ ಅನ್ನೇ ನೀಲಾ, ಇಷ್ಟು ದಿನ ಅಂದಿದ್ದೀಯಲ್ಲ, ಬಾಯಿ ಏಳ್ತಾ ಇಲ್ಲ, ಅಜ್ಜಿ ಕೈ ತೆಗೀರಿ, ಅಲ್ಲಿಂದ ಕೈ ತೆಗೀರಿ, ತೆಗೀತಾ ಇಲ್ಲ, ಉತ್ತರಕ್ಕೆ ಕಾಯ್ತಾ ಇದ್ದಾಳೆ, ಚೌಕದ ಮೇಲೆ ಅಂಗೈ, ಅಂಗೈ, ಚೌಕದ ಮೇಲೆ, ಅಲ್ಲೇ.