ಎರಡು ಹೆಸರಿನ ನಕ್ಷತ್ರಗಳು

ಧರ್ಮಪುರದಿಂದ ಹಿರಿಯೂರಿಗೆ ಬರುವ ಬಸ್ಸಿನಲ್ಲಿ ದೇವಿಕಾಳಿಗೆ ತನ್ನ ಲೆಕ್ಕದ ತಪ್ಪು ಕಣ್ಣಿಗೆ ಬಿತ್ತು. ಅಂದು ಮಧ್ಯಾಹ್ನವೇ ಚಿತ್ರದುರ್ಗದ ಕಾಲೇಜೊಂದರಲ್ಲಿ ಅವಳು ತನ್ನ ಪಿಎಚ್‌ಡಿ ಸಂಶೋಧನೆಯನ್ನು ಮಂಡಿಸಬೇಕಿತ್ತು.

ವಿಶ್ವ ಹಿಗ್ಗುವ ವೇಗವನ್ನು ಹೆಚ್ಚಿಸುತ್ತಿರುವ ಕಪ್ಪುಶಕ್ತಿ, ಅಂದರೆ ಡಾರ್ಕ್ ಎನರ್ಜಿ, ಎಂದೂ ಬದಲಾಗುವುದಿಲ್ಲ ಎನ್ನುವುದು ಒಂದು ಮಾದರಿ. ಅದು ನಿಧಾನವಾಗಿ ಸೊರಗುತ್ತಿದೆ ಎನ್ನುವುದು ಇನ್ನೊಂದು. ದೂರದಲ್ಲಿ ಸಿಡಿದ ನಕ್ಷತ್ರಗಳ ಅಳತೆಗಳಿಗೆ ಅವಳು ಹೋಲಿಸಿದಾಗ ಎರಡನೆಯದೇ ಗೆದ್ದಿತ್ತು. ಗೈಡ್ ಏಕಾಂತಪ್ಪ ಹಿಗ್ಗಿನಿಂದ ಪತ್ರಿಕೆಯವರಿಗೂ ಹೇಳಿಬಿಟ್ಟಿದ್ದರು.

ಈಗ, ಲ್ಯಾಪ್‌ಟಾಪಿನಲ್ಲಿ ಆಕಾಶದ ನಕಾಶೆಯನ್ನು ದೊಡ್ಡದು ಮಾಡಿದರೆ, ಎಷ್ಟೋ ಚುಕ್ಕಿಗಳು ಒಂದರ ಮೇಲೊಂದು ಕೂತಿದ್ದವು. ಎರಡು ವೀಕ್ಷಣಾಲಯಗಳು ಒಂದೇ ನಕ್ಷತ್ರಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದವು. ಅವಳು ಅವನ್ನು ಎರಡೆಂದು ಎಣಿಸಿದ್ದಳು.

ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಜೋಡಿಗಳನ್ನು ಒಂದಾಗಿಸಿ, ಲೆಕ್ಕವನ್ನು ಮತ್ತೆ ಓಡಿಸಿದಳು. ದುರ್ಗದ ಕೋಟೆ ಕಾಣುವ ಹೊತ್ತಿಗೆ ಉತ್ತರ ಬಂತು. ಎರಡನೆಯ ಮಾದರಿಯ ಗೆಲುವು ಕರಗಿಹೋಗಿತ್ತು.

ಕಾಲೇಜಿನಲ್ಲಿ ಏಕಾಂತಪ್ಪ ವಿಷಯ ಕೇಳಿದವರೇ ಕೋಣೆಯ ಬಾಗಿಲು ಹಾಕಿದರು.

"ಎಲ್ರೂ ಬಂದು ಕುಂತವ್ರೆ ಕಣವ್ವ. ಇವತ್ತು ಹಳೇದನ್ನೇ ಹೇಳ್ಬಿಡು. ಆಮೇಲೆ ತಿದ್ದಾಣ."

"ತಪ್ಪು ಅಂತ ಗೊತ್ತಾದ ಮೇಲೆ ಹೆಂಗೆ ಹೇಳ್ಲಿ ಸರ್?"

"ನನ್ನ ಮರ್ಯಾದೆ ಏನಾಗ್ಬೇಕು?"

ದೇವಿಕಾ ಬಾಗಿಲು ತೆರೆದು ಸಭಾಂಗಣಕ್ಕೆ ನಡೆದಳು. ವೇದಿಕೆಯ ಮೇಲೆ ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ತೋರಿಸಿ, ಎಡವಿದ್ದು ಎಲ್ಲಿ ಎಂದು ವಿವರಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಏಕಾಂತಪ್ಪ ಎದ್ದು ಹೊರನಡೆದರು.

"ಹಂಗಾದ್ರೆ ಕಪ್ಪುಶಕ್ತಿ ಬದಲಾಗಲ್ಲ ಅಂತೀರೇನ್ರಿ?" ಎಂದರು ಒಬ್ಬ ಪ್ರಾಧ್ಯಾಪಕರು.

"ಹಂಗೂ ಹೇಳಕ್ಕಾಗಲ್ಲ ಸರ್. ಈ ಅಳತೆಗಳು ಎರಡು ಮಾದರಿಗೂ ಹೊಂದ್ತವೆ. ಯಾವ್ದು ಸರಿ ಅಂತ ತೀರ್ಮಾನ ಮಾಡಕ್ಕೆ ಇಷ್ಟು ಸಾಲಲ್ಲ."

ಅವರು ತಲೆದೂಗಿ ಬರೆದುಕೊಂಡರು.

ಆಮೇಲೆ ಗೈಡ್ ಫೋನ್ ಎತ್ತಲಿಲ್ಲ. ಪಿಎಚ್‌ಡಿ ಇಲ್ಲಿಗೇ ನಿಂತಿತೆಂದು ಅವಳು ಸರಿಯಾಗಿ ಊಟವನ್ನೂ ಮಾಡದೆ ಮನೆಯಲ್ಲೇ ಕೂತಳು. ಅಮ್ಮ ಜುಂಜಮ್ಮ ಕಡಲೆಕಾಯಿ ಸುಲಿಯುತ್ತಾ ಪಕ್ಕದಲ್ಲೇ ಇದ್ದಳು. ವಾರಗಳು ಕಳೆದ ಮೇಲೆ ಒಂದು ಬೆಳಗ್ಗೆ ಏಕಾಂತಪ್ಪನವರೇ ಫೋನ್ ಮಾಡಿದರು.

"ನಾನೂ ಲೆಕ್ಕ ಹಾಕಿ ನೋಡ್ದೆ. ನೀನು ಹೇಳಿದ್ದೇ ಸರಿ ಐತೆ. ಪತ್ರಿಕೆಯೋರಿಗೂ ಹೇಳಿದೀನಿ. ನಾಳೆ ಬಾ, ಪ್ರಬಂಧ ಹೊಸದಾಗಿ ಬರೆಯಾಣ."

"ನಾಳೆ ಆಗಲ್ಲ ಸರ್. ಸೋಮವಾರ ಬರ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು, ಅಮ್ಮ ಬಡಿಸಿಟ್ಟಿದ್ದ ತಟ್ಟೆಯನ್ನು ಎಳೆದುಕೊಂಡು ಉಣ್ಣತೊಡಗಿದಳು.