ಸಂಜೀವಪ್ಪನ ಕೆನ್ನೆಯ ಗಾಯ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸಂಜೀವಪ್ಪ ಬಗ್ಗಿ ಕೊತ್ತಂಬರಿ ಕಟ್ಟು ಬಿಚ್ಚುತ್ತಿದ್ದಾಗ ಬೀದಿನಾಯಿಯೊಂದು ನೇರ ಮುಖಕ್ಕೇ ಹಾರಿತು. ಬೊಗಳಲಿಲ್ಲ, ಕೆನ್ನೆಗೆ ಹಲ್ಲೂರಿ ನೇತಾಡಿತು. ತಳ್ಳುಗಾಡಿ ಮಗುಚಿ ಸೊಪ್ಪೆಲ್ಲ ರಸ್ತೆಗೆ ಬಿತ್ತು. ಹೆಂಡತಿ ಮುನಿಲಕ್ಷ್ಮಮ್ಮ ನಾಯಿಯ ಹಿಂಗಾಲು ಹಿಡಿದು ಎಳೆದಳು. ಎಳೆದಷ್ಟೂ ಕೆನ್ನೆ ಹರಿಯಿತು.

ವಿಮಾನ ಕಾರ್ಖಾನೆಯ ಫಿಟ್ಟರ್ ಜಗದೀಶ್ ಸೊಪ್ಪು ಕೊಳ್ಳಲು ಅಲ್ಲಿ ನಿಂತಿದ್ದ. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣದ ಸರಳು ಎತ್ತಿಕೊಂಡು ಬೀಸಿದ. ನಾಯಿಯ ಬೆನ್ನುಮೂಳೆ ಲಟಕ್ಕೆಂದಿತು. ಅದು ಕೆನ್ನೆ ಬಿಟ್ಟು ಅವನ ಕೈಗೆ ಬಾಯಿ ಹಾಕಿತು, ಬೆರಳ ಗೆಣ್ಣಿನ ಚರ್ಮ ಕಿತ್ತು ಬಂತು. ಅದರ ಉಸಿರು ನಿಂತ ಮೇಲೂ ಅವನು ಹೊಡೆಯುತ್ತಲೇ ಇದ್ದ.

"ಸಾಕು ಬಿಡಿ. ತಲೆಗೆ ಹೊಡೀಬೇಡಿ, ಮೆದುಳು ಪರೀಕ್ಷೆಗೆ ಬೇಕು," ಎಂದು ಅವನ ತೋಳು ಹಿಡಿದವಳು ಅದೇ ರಸ್ತೆಯ ಪಶುವೈದ್ಯೆ ನಂದಿತಾ. ಗಾಯವಾದ ಇಬ್ಬರನ್ನೂ ನಲ್ಲಿಯ ಹತ್ತಿರ ತಳ್ಳಿ ಸೋಪು ಕೊಟ್ಟಳು. "ಹದಿನೈದು ನಿಮಿಷ ತೊಳೀರಿ. ಆಮೇಲೆ ಸೀದಾ ಆಸ್ಪತ್ರೆ. ಇವತ್ತೇ ಇಂಜೆಕ್ಷನ್ ಆಗ್ಬೇಕು."

ಸಂಜೀವಪ್ಪ ಎರಡು ಸಲ ನೀರೆರಚಿಕೊಂಡು ಎದ್ದುಬಿಟ್ಟ. "ಸುಣ್ಣ ಅರಿಸಿನ ಹಚ್ಕೋತೀನಮ್ಮ. ಊರಾಗೆ ನಂಗೆ ಎರಡು ಸಲ ನಾಯಿ ಕಚ್ಚೈತೆ, ಏನಾಯ್ತು?"

"ಇದಕ್ಕೆ ಹುಚ್ಚು ಹಿಡಿದಿರೋ ಹಾಗಿದೆ. ಜೊಲ್ಲಲ್ಲಿ ವೈರಸ್ಸು ಇರುತ್ತೆ, ಬಂದೂಕಿನ ಗುಂಡಿನ ಆಕಾರದ್ದು. ಮೇಲೆ ಕೊಬ್ಬಿನ ಪೊರೆ, ಪೊರೆ ತುಂಬ ಮುಳ್ಳು. ಸೋಪು ಆ ಪೊರೆ ಒಡೆಯುತ್ತೆ, ಅದಕ್ಕೇ ತೊಳೀರಿ ಅಂದಿದ್ದು. ಒಳಗಿರೋದು ಒಂದೇ ಒಂದು ಎಳೆ, ತನ್ನನ್ನ ಹೇಗೆ ಕಟ್ಟಬೇಕು ಅನ್ನೋ ಬರಹ. ಅದು ತಾನಾಗೇ ಮರಿ ಹಾಕೋಕಾಗಲ್ಲ."

"ಮತ್ತೆ ಹೇಗೆ ಬೆಳೆಯುತ್ತೆ?" ಎಂದ ಜಗದೀಶ್.

"ಮುಳ್ಳಿಂದ ನರದ ತುದಿ ಹಿಡ್ಕೊಂಡು ಒಳಗೆ ನುಗ್ಗುತ್ತೆ. ನರದಲ್ಲೇ ಮೇಲಕ್ಕೆ ಹತ್ತಿ, ಪೊರೆ ಕಳಚಿ, ಆ ಎಳೆನ ಜೀವಕೋಶಕ್ಕೆ ಬಿಡುತ್ತೆ. ಕೋಶ ತನ್ನ ಕೆಲಸ ಬಿಟ್ಟು ವೈರಸ್ಸನ್ನೇ ಕಟ್ಟೋಕೆ ಶುರು ಮಾಡುತ್ತೆ. ಹೊಸ ವೈರಸ್ಸುಗಳು ಅದೇ ಕೋಶದ ಪೊರೆ ಹೊದ್ಕೊಂಡು ಪಕ್ಕದ ಕೋಶಕ್ಕೆ ಹೋಗ್ತವೆ. ಮೆದುಳಿಗೆ ಹತ್ತಿದ್ಮೇಲೆ ಉಳಿಸೋ ಔಷಧಿ ಇಲ್ಲ. ಕೆನ್ನೆಯಿಂದ ಮೆದುಳಿಗೆ ದಾರಿ ಬಹಳ ಹತ್ತಿರ, ಸಂಜೀವಪ್ಪನೋರೇ."

ಜಗದೀಶನಿಗೆ ಅರ್ಥವಾಯಿತು. ಸಂಜೀವಪ್ಪ ಮಾತ್ರ ಸೊಪ್ಪು ಆಯತೊಡಗಿದ್ದ. ಜಗದೀಶ್ ಅವನ ಕಾಲರ್ ಹಿಡಿದು ಆಟೋ ಕಡೆಗೆ ಎಳೆದ. ಬರಲಿಲ್ಲವೆಂದು ಗಾಯವಿಲ್ಲದ ಕೆನ್ನೆಗೆ ಬಾರಿಸಿದ. ಸಂಜೀವಪ್ಪ ಕೈಗೆ ಸಿಕ್ಕಿದ ತೂಕದ ಕಲ್ಲಿನಿಂದ ಅವನ ಹುಬ್ಬಿಗೆ ಗುದ್ದಿದ. "ನನ್ ಮೈ ಮುಟ್ಟಿದ್ರೆ ಕೊಂದಾಕ್ತೀನಿ," ಎಂದ. ಜಗದೀಶನ ಕಣ್ಣಿಗೆ ರಕ್ತ ಇಳಿಯಿತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಗಂಡಹೆಂಡತಿ ಹೊರಟುಹೋಗಿದ್ದರು.

ನಾಯಿಗೆ ರೇಬಿಸ್ ಇತ್ತೆಂದು ಪ್ರಯೋಗಾಲಯದಿಂದ ತಿಳಿಯಿತು. ಜಗದೀಶ್ ಅವತ್ತೇ ತನ್ನ ಮೊದಲ ಇಂಜೆಕ್ಷನ್ ತೆಗೆದುಕೊಂಡಿದ್ದ. ಕೆ.ಆರ್. ಪುರದಲ್ಲಿದ್ದ ಸಂಜೀವಪ್ಪನ ಬಾಡಿಗೆ ಕೋಣೆಗೆ ಎರಡು ಸಲ ಹೋದ, ಬೀಗ ಹಾಕಿತ್ತು. ಊರಿಗೆ ಹೋದರೆಂದು ಅಕ್ಕಪಕ್ಕದವರು ಹೇಳಿದರು. ಅವರ ಬಳಿ ತನ್ನ ಫೋನ್ ನಂಬರು ಕೊಟ್ಟು ಬಂದ.

ಇಪ್ಪತ್ತಾರನೆಯ ದಿನ ಮುನಿಲಕ್ಷ್ಮಮ್ಮ ಆಸ್ಪತ್ರೆಯಿಂದ ಅವನಿಗೆ ಫೋನು ಮಾಡಿದಳು. "ನಮ್ಮ ಯಜಮಾನ್ರು ನೀರು ಕೊಟ್ರೆ ಲೋಟ ಎಸೀತಾವ್ರೆ ಕಣಪ್ಪ."

ಒಂಟಿ ಕೋಣೆಯಲ್ಲಿ ಸಂಜೀವಪ್ಪನ ಕೈಕಾಲುಗಳನ್ನು ಮಂಚಕ್ಕೆ ಕಟ್ಟಿದ್ದರು. ತುಟಿ ಕಚ್ಚಿಕೊಂಡು ಬಾಯಿಯ ನೊರೆ ಕೆಂಪಾಗಿತ್ತು. ಅವನು ಜಗದೀಶನನ್ನು ಗುರುತಿಸಿ ನೀರು ಕೇಳಿದ. ಲೋಟ ಕಂಡದ್ದೇ ಗಂಟಲು ಸೆಟೆಯಿತು, ತಲೆ ಮಂಚದ ಕಬ್ಬಿಣಕ್ಕೆ ಬಡಿಯಿತು, ಮತ್ತೆ ಮತ್ತೆ. ಮರುದಿನ ಮಧ್ಯಾಹ್ನ ತೀರಿಕೊಂಡ.

ಹೊರಗೆ ಕೂತಿದ್ದ ಮುನಿಲಕ್ಷ್ಮಮ್ಮನ ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಕ್ಕ ಅದು?"

"ಅನ್ನ ತಿನ್ನಿಸ್ವಾಗ ಕಚ್ಬುಟ್ರು. ಬಿಡು, ನಾನೂ ಅವ್ರ ಹಿಂದೇನೇ ಹೋಗ್ತೀನಿ."

ಜಗದೀಶನಿಗೆ ಸಿಟ್ಟು ನೆತ್ತಿಗೇರಿತು, ಕೈ ಎದ್ದಿತು. ಆ ಕೈಯನ್ನು ಹಾಗೇ ಇಳಿಸಿ ಅವಳ ಪಕ್ಕ ನೆಲದ ಮೇಲೆ ಕೂತ. "ಅವತ್ತು ಹೊಡೆದು ಕೆಡಿಸ್ದೆ ಅಕ್ಕ. ಒಳ್ಳೆ ಮಾತಲ್ಲಿ ಹೇಳಿದ್ರೆ ಅಣ್ಣ ಬರ್ತಿದ್ರೇನೋ. ನೀನು ಇಂಜೆಕ್ಷನ್ನಿಗೆ ಏಳೋವರ್ಗೂ ನಾನು ಇಲ್ಲೇ ಕೂತಿರ್ತೀನಿ."

ಒಂದು ಗಂಟೆಯ ಮೇಲೆ ಅವಳು ಎದ್ದಳು. ನರ್ಸ್ ಬೆರಳಿನ ಗಾಯಕ್ಕೇ ಸೂಜಿ ಚುಚ್ಚಿದಾಗ ಹಲ್ಲು ಕಚ್ಚಿ ತಡೆದುಕೊಂಡಳು.

"ಒಳ್ಳೆ ಮಾತಿಗೆಲ್ಲ ಬಗ್ಗೋ ಮನ್ಸ ಅಲ್ಲ ಅವ್ರು," ಎಂದಳು ಆಮೇಲೆ. "ಇನ್ನೂ ನಾಕು ಬಿಟ್ಟಾದ್ರೂ ಎಳ್ಕೊಂಡ್ ಹೋಗ್ಬೇಕಿತ್ತು ನೀನು."

ಮುಂದಿನ ಸೂಜಿಯ ದಿನ ಬರೆದ ಚೀಟಿಯನ್ನು ನರ್ಸ್ ಜಗದೀಶನ ಕೈಗೆ ಕೊಟ್ಟಳು.