ಗೊತ್ತಿಲ್ಲದ್ದರ ಗೋಡೆ

ಒಂಬತ್ತನೆಯ ತರಗತಿಯ ಹೊಸ್ತಿಲಲ್ಲೇ ಈರಣ್ಣ ನಿಂತುಬಿಟ್ಟ. ಎದುರಿನ ಗೋಡೆಗೆ ಉದ್ದಕ್ಕೂ ಕಪ್ಪು ಬಳಿದು, ಮೇಲೆ ದಪ್ಪಕ್ಷರದಲ್ಲಿ 'ನಮಗೆ ಗೊತ್ತಿಲ್ಲ' ಎಂದು ಬರೆದಿದ್ದರು. ಕೆಳಗೆ ಮಕ್ಕಳ ಕೈಬರಹದ ಸಾಲುಗಳು, ಪ್ರತಿ ಸಾಲಿನ ಕೊನೆಗೆ ಒಂದು ಹೆಸರು. ಉಪ್ಪು ನೀರಿನಲ್ಲಿ ಕರಗಿದರೆ ಅದರ ತೂಕ ಎಲ್ಲಿ ಹೋಗುತ್ತದೆ, ಅಂಜುಮ. ಗೋವಾದ ಗಡಿ ದಾಟಿದ್ದು ಮಹಾದಾಯಿ ಹೊಳೆಗೆ ಗೊತ್ತಾಗುತ್ತದೆಯೆ, ಗುರುಸಿದ್ದ. ಕೆಲವು ಸಾಲುಗಳು ಮರಾಠಿಯಲ್ಲಿಯೇ ಇದ್ದವು. ಒಂದು ಪ್ರಶ್ನೆಯ ಸುಣ್ಣ ಮಾಸಿ ಹಳದಿಯಾಗಿತ್ತು, ಹೋದ ವರ್ಷದ್ದಂತೆ.

ಹೆಸರು ಹಾಕಿ ಮಾನ ಕಳೆಯುವುದೆಂದರೆ ಇದೇ, ಎಂದುಕೊಂಡ ಈರಣ್ಣ.

ಪೀರನವಾಡಿಯ ಮನೆಯಲ್ಲೇ ಅವನದು ಟ್ಯೂಷನ್ ಕ್ಲಾಸು. ಅಲ್ಲಿ 'ಗೊತ್ತಿಲ್ಲ' ಎಂದವರು ಬಾಗಿಲ ಹೊರಗೆ ನಿಲ್ಲಬೇಕು. ರಸ್ತೆ ಕೂಡುವಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಮಗಳು ಸೃಷ್ಟಿಯ ಆಳೆತ್ತರದ ಫೋಟೋ, ಅದರಡಿ 'ಪ್ರತಿ ವರ್ಷವೂ ಪ್ರಥಮ'. ಆ ಸೃಷ್ಟಿ ದಸರೆಯ ಮುಂಚಿನ ಪರೀಕ್ಷೆಯಲ್ಲಿ ತನ್ನ ಹೆಸರಷ್ಟೇ ಬರೆದು ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಬರಬರುತ್ತ ಊಟಕ್ಕೆ ಕರೆದರೂ ಬಾಯಿ ಬಿಡಲಿಲ್ಲ. ಡಾಕ್ಟರು ಜಾಗ ಬದಲಿಸಿ ಎಂದರು. ಹೆಂಡತಿ ಚಂದ್ರವ್ವ, ಖಾನಾಪುರ ದಾಟಿ ಕಣಕುಂಬಿಯ ದಾರಿಯಲ್ಲಿ, ತನ್ನ ತವರಿನ ಹತ್ತಿರ ಒಂದು ಶಾಲೆಯಿದೆ ಎಂದು ಹಟ ಹಿಡಿದಳು. ಹಳ್ಳಿಯ ಶಾಲೆ, ಮಗಳು ಅಲ್ಲಿ ಸುಮ್ಮನೆ ಕೂತರೂ ಮೊದಲನೆಯವಳೇ ಎಂಬ ಧೈರ್ಯದಲ್ಲಿ ಈರಣ್ಣ ಒಪ್ಪಿದ್ದ.

ಮುಖ್ಯೋಪಾಧ್ಯಾಯಿನಿ ಮಾಯಕ್ಕ ಅವನು ಕೊಟ್ಟ ಅಂಕಪಟ್ಟಿಗಳನ್ನು ಬಿಚ್ಚಿಯೂ ನೋಡದೆ ಹಿಂದಕ್ಕೆ ಕೊಟ್ಟಿದ್ದಳು. ಅವನು ಸಿಹಿಯೆಂದು ತಂದಿದ್ದ ಕುಂದಾದ ಡಬ್ಬಿಯನ್ನು ಮಾತ್ರ ಇಟ್ಟುಕೊಂಡಳು. ಇಲ್ಲಿ ಸೇರಲು ಪರೀಕ್ಷೆಯಿಲ್ಲ, ನಿಜವಾಗಿಯೂ ತನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಮಗು ಆ ಗೋಡೆಯ ಮೇಲೆ ಬರೆದರೆ ಸಾಕು ಎಂದಳು. ಉತ್ತರ ಪುಸ್ತಕದಲ್ಲಿ ಸಿಗುವಂತಿದ್ದರೆ ಮಕ್ಕಳೇ ಬೇಡ ಅನ್ನುತ್ತಾರೆ. ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವವರಿಗೆ ಇಲ್ಲಿ ಕಲಿಯಲು ಏನೂ ಇಲ್ಲ, ಕರೆದುಕೊಂಡು ಹೋಗಬಹುದು.

ಈಗ ಸೃಷ್ಟಿ ಕೈಯಲ್ಲಿ ಸುಣ್ಣದಕಡ್ಡಿ ಹಿಡಿದು ಗೋಡೆಯೆದುರು ನಿಂತಿದ್ದಳು. ಕೈ ಏಳಲಿಲ್ಲ. ಮಕ್ಕಳು ಕಾದರು. ಈರಣ್ಣನಿಗೆ ತಡೆಯಲಾಗಲಿಲ್ಲ. ಬ್ಲ್ಯಾಕ್ ಹೋಲ್ ಬಗ್ಗೆ ಬರೆ ಎಂದು ಹಿಂದಿನಿಂದ ಪಿಸುಗುಟ್ಟಿದ.

ಮಕ್ಕಳ ಸರದಿಯಂತೆ ಆ ದಿನ ತರಗತಿ ನಡೆಸುತ್ತಿದ್ದವಳು ಅಂಜುಮ, ಎರಡು ಜಡೆಯ ಹುಡುಗಿ. ಅವಳ ಕಿವಿ ಚುರುಕು. "ಸರ, ಅದು ನಿಮಗ ಗೊತ್ತಿಲ್ಲದ್ದು ಆತು. ನಮಗ ಅಕೀದು ಬೇಕ್ರಿ. ನೀವೂ ಸೇರೂದಿದ್ರ ಆಮ್ಯಾಲ ಬರೀರಿ."

ತರಗತಿ ನಕ್ಕಿತು. ಆ ನಗೆಯ ನಡುವೆಯೇ ಸೃಷ್ಟಿ ಸರಸರನೆ ಬರೆದಳು.

'ನಾನು ಎರಡನೆಯವಳಾಗಿ ಬಂದರೆ ಅಪ್ಪ ಮನೆಯೊಳಗೆ ಕರೆಯುತ್ತಾರೋ ಇಲ್ಲವೋ. ಸೃಷ್ಟಿ.'

ಈರಣ್ಣ ಆ ಸಾಲನ್ನು ಮತ್ತೊಮ್ಮೆ ಓದಿದ. ಎರಡನೇ ನಂಬರ್ ತಂದವರು ಹೊಸ್ತಿಲು ತುಳಿಯಬೇಡಿ ಎನ್ನುವುದು ಅವನ ಕ್ಲಾಸಿನ ಹಳೆಯ ತಮಾಷೆ. ಅದಕ್ಕೆ ಅಲ್ಲಿಯ ಎಲ್ಲ ಮಕ್ಕಳೂ ನಗುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತ ಮಗಳೂ ನಗುತ್ತಾಳೆಂದೇ ತಿಳಿದಿದ್ದ. ಆ ಹೊಸ್ತಿಲು ಮನೆಯದೂ ಆಗಿದ್ದದ್ದು ಅವಳೊಬ್ಬಳಿಗೇ ಎಂದು ಅವನಿಗೆ ಹೊಳೆದಿರಲಿಲ್ಲ.

ಮಕ್ಕಳು ಬೆಚ್ಚಲಿಲ್ಲ, ಅಯ್ಯೋ ಎನ್ನಲಿಲ್ಲ. ಉಪ್ಪಿನ ಪ್ರಶ್ನೆಗೆ ಹೇಗೆ ಕೂತಿದ್ದರೋ ಇದಕ್ಕೂ ಹಾಗೇ ಕೂತರು. ಇದು ಪುಸ್ತಕದಲ್ಲಿಲ್ಲ, ಇರಲಿ ಎಂದು ತೀರ್ಮಾನವಾಯಿತು. ತಿಳಿದುಕೊಳ್ಳುವುದು ಹೇಗೆ ಎಂದು ಅಂಜುಮ ಕೇಳಿದಳು. ಅಪ್ಪ ಇಲ್ಲೇ ನಿಂತಿದ್ದಾರಲ್ಲ, ಕೇಳಿದರಾಯಿತು ಎಂದು ಹಿಂದಿನಿಂದ ಯಾರೋ ಅಂದರು.

"ಕೇಳಿದ್ರ ಹೂಂ ಅಂತಾರಲೇ," ಎಂದ ಗುರುಸಿದ್ದ. "ಉಪ್ಪಿನ ತೂಕ ನಾವು ಬಾಯಿಲೆ ಕೇಳಿದ್ವೇನು? ತಕ್ಕಡಿ ತಂದ್ವಿ, ಇನ್ನೂ ತೂಗಾಕತ್ತೀವಿ. ಈಕಿ ಎರಡನೇ ನಂಬರ್ ಬಂದು ನೋಡಬೇಕು."

ಮತ್ತೆ ನಗೆ. ಅದರೊಳಗೆ ಒಂದು ನಗೆಯನ್ನು ಈರಣ್ಣ ಗುರುತು ಹಿಡಿದ. ದಸರೆಯಿಂದೀಚೆಗೆ ಮನೆಯಲ್ಲಿ ಕೇಳದಿದ್ದ ನಗೆ. ಅದು ಕೇಳಿಸಿದ್ದೇ ತಡ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಆ ಸಾಲನ್ನು ಒರೆಸಿಬಿಟ್ಟ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಯಕ್ಕ ದನಿ ಏರಿಸಲಿಲ್ಲ. "ಬರದವರಷ್ಟ ಅಳಸಬೇಕ್ರಿ, ಸರ. ಅದೂ ಉತ್ತರ ಸಿಕ್ಕ ಮ್ಯಾಲೆ."

ಸೃಷ್ಟಿ ಅಪ್ಪನ ಮುಖ ನೋಡಲಿಲ್ಲ. ಅದೇ ಜಾಗದಲ್ಲಿ, ಈ ಸಲ ಇನ್ನಷ್ಟು ದೊಡ್ಡದಾಗಿ, ಅದೇ ಸಾಲನ್ನು ಮತ್ತೆ ಬರೆದಳು.

"ಕರೀತೀನವ್ವಾ," ಎಂದ ಈರಣ್ಣ. "ಹತ್ತನೇ ನಂಬರ್ ಬಂದ್ರೂ ಕರೀತೀನಿ. ಹೇಳಿದ್ನಲ್ಲಾ, ಈಗರ ಅಳಸು."

ಅವಳು ಡಸ್ಟರ್ ಎತ್ತಿಕೊಂಡಳು. ಅಪ್ಪನ ಮುಖವನ್ನು ಈಗ ನೋಡಿದಳು, ಕಣ್ಣು ಕಿರಿದು ಮಾಡಿ, ದೂರದ ಬಸ್ಸಿನ ಬೋರ್ಡು ಓದುವವಳ ಹಾಗೆ. ಆಮೇಲೆ ಡಸ್ಟರನ್ನು ಇದ್ದ ಜಾಗದಲ್ಲೇ ಇಟ್ಟಳು.

"ಇನ್ನೂ ಗೊತ್ತಾಗಿಲ್ಲಪ್ಪಾ."

ಊಟದ ಗಂಟೆಯಾಯಿತು. ಮಕ್ಕಳು ತಾಟು ಹಿಡಿದು ಹೊರಗೆ ಓಡಿದರು. ಅಂಜುಮ ಸೃಷ್ಟಿಯ ಕೈ ಹಿಡಿದು ಎಳೆದುಕೊಂಡು ಹೋದಳು. ಅವನು ತಂದ ಕುಂದಾ ಹೊರಗೆ ಹಂಚಿಹೋಗುತ್ತಿರುವ ಗದ್ದಲ ಕೇಳಿಸಿತು. ಕೈ ತೊಳೆದುಕೊಂಡು ಬರ್ರಿ, ಊಟಕ್ಕ ಕುಂದರ್ರಿ ಎಂದು ಹೇಳಿ ಮಾಯಕ್ಕನೂ ಹೋದಳು.

ಈರಣ್ಣ ಸುಣ್ಣ ಮೆತ್ತಿದ ಅಂಗೈ ಹಿಡಿದು ಗೋಡೆಯೆದುರೇ ನಿಂತಿದ್ದ. ಫಲಿತಾಂಶದ ದಿನವನ್ನು ಊಹಿಸಲು ನೋಡಿದ. ಪೀರನವಾಡಿಯ ಮನೆ, ಬಾಗಿಲು, ಫ್ಲೆಕ್ಸಿನಲ್ಲಿ ಬೇರೊಬ್ಬರ ಮಗಳ ಫೋಟೋ, ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿರುವ ಸೃಷ್ಟಿ. ಎಲ್ಲವೂ ಸ್ಪಷ್ಟವಾಗಿ ಕಂಡಿತು. ಬಾಗಿಲು ತೆರೆಯುವ ತನ್ನ ಮುಖವೊಂದೇ, ಎಷ್ಟು ನೋಡಿದರೂ ಕಾಣಿಸಲಿಲ್ಲ.